ಬೀಗ ಕೆಟ್ಟ ಕಾರು

ಶೇಷಪ್ಪ ಸ್ಟೀರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ಎಳೆದರು. ಅಲುಗಲಿಲ್ಲ. ಎಡಕ್ಕೆ ಎಳೆದರು. ಒಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಗಿ ನಿಂತಿತು.

"ಲಾಕ್ ಆಗಿದೆ," ಎಂದರು.

ಕಾರಿನ ಆಚೆ ಬದಿಯಲ್ಲಿ ನಿಂತಿದ್ದ ರೂಪಶ್ರೀ ಬಗ್ಗಿ ಒಳಗೆ ನೋಡಿದಳು. "ಆಗಬಾರದು ಸರ್."

"ಅಂದ್ರೆ?"

"ಈ ಕಾರಲ್ಲಿ ಸ್ಟೀರಿಂಗ್ ಲಾಕ್ ಆಗೋದೇ ಇಲ್ಲ. ಅದಕ್ಕೇ ನಾನು ಇದನ್ನ ತಗೊಂಡಿದ್ದು."

ಶೇಷಪ್ಪ ಚಕ್ರದಿಂದ ಕೈ ತೆಗೆದರು. ವಿಮಾ ಕಂಪನಿಯೊಂದರಲ್ಲಿ ವಾಹನಗಳ ಸರ್ವೇಯರ್ ಆಗಿ ನಿವೃತ್ತರಾದ ಅವರಿಗೆ ನುಜ್ಜುಗುಜ್ಜಾದ ಕಾರುಗಳು ಹೊಸತಲ್ಲ. ಕೆಟ್ಟದ್ದನ್ನೇ ಬೇಕೆಂದು ಕೊಂಡೆ ಎನ್ನುವವರು ಮಾತ್ರ ಹೊಸಬರು.

ಕಾರು ಬಣಕಲ್‌ನ ಹೊರಗೆ, ತಮ್ಮಯ್ಯನ ಗ್ಯಾರೇಜಿನ ಹಿಂದೆ, ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಅದರ ಮುಂಭಾಗ ಒಳಕ್ಕೆ ಹೋಗಿತ್ತು. ಕಾರಿನ ಮೇಲ್ಭಾಗ ಎಡಕ್ಕೆ ಕುಸಿದಿತ್ತು. ಮುಂದಿನ ಎರಡೂ ಬಾಗಿಲು ತೆರೆದುಕೊಂಡಿದ್ದವು. ಕಲ್ಲುಗುಡ್ಡೆ ಕಾಫಿ ಎಸ್ಟೇಟಿನ ಕೃಷ್ಣಪ್ಪ ಇದೇ ಜೆನ್ ಕಾರಿನೊಂದಿಗೆ ನಂದಿಮರದ ತಿರುವಿನಲ್ಲಿ ಕಂದಕಕ್ಕೆ ಬಿದ್ದು ತೀರಿಕೊಂಡಿದ್ದರು; ಕಾರು ಆರಿಸಿಕೊಟ್ಟ ಮಗಳಿಂದಲೇ ಸತ್ತರು ಎಂದು ಊರು ಹೇಳುತ್ತಿತ್ತು; ಅದು ನಿಜವೇ ಎಂದು ತಿಳಿಯಲು ಆ ಮಗಳು ರೂಪಶ್ರೀಯೇ ಶೇಷಪ್ಪನವರನ್ನು ಕರೆಸಿದ್ದಳು.

ಊರಿನ ಮಾತಿಗೆ ಆಧಾರವಿತ್ತು. ಕೃಷ್ಣಪ್ಪ ಬಹಳ ಕಾಲ ಅಂಬಾಸಿಡರ್ ಓಡಿಸಿದವರು. ಈ ಭಾಗದ ಹಳೆಯ ಡ್ರೈವರುಗಳಂತೆ ಅವರೂ ಇಳಿಜಾರು ಬಂದ ಕೂಡಲೇ ಗೇರ್ ತೆಗೆದು, ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಉಳಿಸಿಕೊಂಡು ಇಳಿಯುತ್ತಿದ್ದರು. ಜೊತೆಗೆ ಕೀಲಿಯನ್ನೂ ಕಿತ್ತು ಜೇಬಿಗೆ ಹಾಕುತ್ತಿದ್ದರು. ಸ್ಟೋರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಗೊಬ್ಬರದ ಕೋಣೆ, ಎಲ್ಲದರ ಕೀಲಿಯೂ ಒಂದೇ ಗೊಂಚಲಿನಲ್ಲಿತ್ತು. ಆ ಭಾರಕ್ಕೆ ಅಂಬಾಸಿಡರಿನ ಸವೆದ ಸ್ವಿಚ್ಚಿನಿಂದ ಕೀಲಿ ತಾನೇ ಜಾರಿ ಕಾಲಡಿಗೆ ಬೀಳುತ್ತಿತ್ತು. ಬೀಳುವ ಮೊದಲೇ ಕೀಳುವುದು ಅಭ್ಯಾಸವಾಯಿತು.

ಅಂಬಾಸಿಡರಿನಲ್ಲಿ ಅದರಿಂದ ಅಪಾಯವಿರಲಿಲ್ಲ. ಈಚಿನ ಕಾರುಗಳಲ್ಲಿ ಕೀಲಿ ತೆಗೆದು ಚಕ್ರ ತಿರುಗಿಸಿದರೆ ಸ್ಟೀರಿಂಗ್‌ಗೆ ಬೀಗ ಬೀಳುತ್ತದೆ. ಕಾರು ಮತ್ತೆ ಯಾವ ಕಡೆಗೂ ತಿರುಗುವುದಿಲ್ಲ.

ಕಾರಿನಿಂದ ಹೊರಗೆ ಬಿದ್ದಿದ್ದ ಕೃಷ್ಣಪ್ಪನವರ ಅಂಗಿಯ ಜೇಬಿನಲ್ಲಿ ಗೊಂಚಲು ಸಿಕ್ಕಿತ್ತು. ಸ್ವಿಚ್ಚಿನಲ್ಲಿ ಕೀಲಿ ಇರಲಿಲ್ಲ. ನೋಡಿದವರಿಗೆ ಅಷ್ಟು ಸಾಕಾಯಿತು.

"ಲಾಕ್ ಕೆಟ್ಟಿತ್ತು ಅನ್ನೋದನ್ನ ಇದುವರೆಗೆ ಯಾಕೆ ಹೇಳಲಿಲ್ಲ?" ಶೇಷಪ್ಪ ಕೇಳಿದರು.

"ಹೇಳಿದ್ರೆ ಎಂತ ಅಂತಾರೆ ಸರ್? ಅಪ್ಪಂಗೆ ಕೆಟ್ಟ ಕಾರು ಬೇಕಂತ್ಲೇ ಕೊಡಿಸಿದ್ಲು ಅಂತಾರೆ. ಈಗ ಹೇಳ್ತಿರೋದೇ ಸಾಕು."

"ಆರಿಸಿದ್ದು ಹೇಗೆ? ಮೊದಲಿಂದ ಹೇಳಿ."

ರೂಪಶ್ರೀ ಚಪ್ಪರದ ಕಂಬಕ್ಕೆ ಒರಗಿ ಹೇಳಿದಳು. ಅವಳು ಮದುವೆಯಾಗಿ ಕಳಸಕ್ಕೆ ಹೋದವಳು. ಸಂಸೆ ದಾರಿಯಲ್ಲಿ ಗಂಡನ ಜೀಪನ್ನು ತಾನೇ ಓಡಿಸುವವಳು. ಅಂಬಾಸಿಡರಿನ ತಳ ತುಕ್ಕು ಹಿಡಿದು ಕೂತಾಗ ಅಪ್ಪನಿಗೆ ಬೇರೆ ಕಾರು ನೋಡುವ ಕೆಲಸ ಅವಳ ಪಾಲಿಗೆ ಬಂತು. ಚಿಕ್ಕಮಗಳೂರಿನ ಧರ್ಮೇಶ್ ಎಂಬ ಹಳೆ ಕಾರುಗಳ ವ್ಯಾಪಾರಿ ಮೂರು ಕಾರು ತೋರಿಸಿದ.

ಮೊದಲನೆಯದು ಡೀಸೆಲ್ ಅಂಬಾಸಿಡರ್. ಅಪ್ಪನ ಮನಸ್ಸು ಅದರ ಮೇಲಿತ್ತು. ಮೀಟರ್ ನೋಡಿದರೆ ಹೆಚ್ಚು ಓಡದ ಕಾರು. ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.

"ಮೀಟರ್ ತಿರುಗಿಸಬಹುದು. ಪೆಡಲಿನ ಸವೆತ ತುಂಬೋದು ಕಷ್ಟ," ಎಂದಳು.

ಎರಡನೆಯದು ಫಿಯೆಟ್. ತಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಅವಳು ಮೊದಲೇ ಹೇಳಿ ಕಳಿಸಿದ್ದಳು. ಹೋಗಿ ಬಾನೆಟ್ ಮುಟ್ಟಿದರೆ ಬಿಸಿಯಾಗಿತ್ತು. ಅದು ಪೂರ್ತಿ ತಣ್ಣಗಾಗುವವರೆಗೆ ಕಾದು ಕುಳಿತಳು. ಆಮೇಲೆ ಸ್ಟಾರ್ಟ್ ಮಾಡಿಸಿದಾಗ ಹಿಂದಿನಿಂದ ನೀಲಿ ಹೊಗೆ ಬಂತು. ಎಂಜಿನ್ ಆಯಿಲ್ ಕುಡಿಯುತ್ತಿತ್ತು.

"ಧರ್ಮೇಶ್ ಎಂತ ಅಂದ ಗೊತ್ತಾ? ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ ಮೇಡಂ ಅಂದ. ಅಪ್ಪ ಬಿದ್ದು ಬಿದ್ದು ನಕ್ಕಿದ್ರು."

ಮೂರನೆಯದು ಈ ಜೆನ್. ಒಬ್ಬರ ಕೈಯಲ್ಲೇ ಇದ್ದ ಕಾರು. ನಾಲ್ಕೂ ಟೈರ್ ಸಮನಾಗಿ ಸವೆದಿದ್ದವು. ಕಾರ್ಪೆಟ್ ಎತ್ತಿದರೆ ತಗಡು ಒಣಗಿತ್ತು. ಕೈಮರದ ಏರಿನಲ್ಲಿ ನಿಲ್ಲಿಸಿ ಎತ್ತಿದಳು, ಕ್ಲಚ್ ಜಾರಲಿಲ್ಲ. ಬಾಬಾಬುಡನ್‌ಗಿರಿ ಕಡೆಯ ತಿರುವುಗಳಲ್ಲಿ ಅಪ್ಪನ ಕೈಗೆ ಕೊಟ್ಟಳು.

"ಕೊಟ್ಟ ಬೆಲೆಗೆ ಬಾಳ್ಬೇಕು, ದಾರೀಲಿ ಕೈ ಕೊಡಬಾರದು, ಅಷ್ಟೇ ನೋಡಿದ್ರೆ ಬೇರೆ ಕಾರೂ ಸಿಗ್ತಿತ್ತು ಸರ್. ಇದು ತಿರುವಲ್ಲಿ ಹೇಳಿದ ಹಾಗೆ ಕೇಳ್ತಿತ್ತು. ಅಪ್ಪ ವಾಪಸ್ ಬಂದ್ರು, ಇಳೀಲೇ ಇಲ್ಲ. ಇನ್ನೊಂದ್ಸಲ ಹೋಗಿ ಬರಾಣ ಅಂದ್ರು. ಆ ವಯಸ್ಸಲ್ಲಿ."

ಅವಳು ಕಂಬ ಬಿಟ್ಟು ಕಾರಿನ ಹತ್ತಿರ ಬಂದಳು.

"ಅದರಲ್ಲಿ ಒಂದೇ ದೋಷ. ಹಳೇ ಯಜಮಾನ್ರು ಯಾವಾಗ್ಲೋ ಕೀ ಕಳ್ಕೊಂಡು ಸ್ಟೀರಿಂಗ್ ಎಳೆದು ಲಾಕ್ ಮುರಿಸಿದ್ರಂತೆ. ಕೀ ತೆಗೆದ್ರೂ ಲಾಕ್ ಬೀಳ್ತಿರಲಿಲ್ಲ. ಧರ್ಮೇಶ್ ಹೊಸದು ಹಾಕಿಸಿ ಕೊಡ್ತೀನಿ ಅಂದ. ನಾನೇ ಬೇಡ ಅಂದೆ. ಅಪ್ಪನ ಅಭ್ಯಾಸ ಈಗ ಬಿಡಿಸಕ್ಕಾಗಲ್ಲ. ಲಾಕ್ ಇಲ್ದಿದ್ರೆ ಕೀ ಕಿತ್ರೂ ಕಾರು ತಿರುಗತ್ತೆ. ಎಂಜಿನ್ ನಿಂತ್ರೆ ಬ್ರೇಕು ಗಟ್ಟಿಯಾಗತ್ತೆ, ಅದು ಅಂಬಾಸಿಡರ್ ಒತ್ತಿದ ಕಾಲಿಗೆ ಲೆಕ್ಕ ಇಲ್ಲ. ಹಾಗೆ ಯೋಚನೆ ಮಾಡಿದ್ದು."

"ಈ ಕಾರಣ ಯಾರಿಗೆ ಗೊತ್ತಿತ್ತು?"

"ಧರ್ಮೇಶಂಗೆ ಹೇಳಿದ್ದೆ. ಅಪ್ಪಂಗೂ ಗೊತ್ತಿತ್ತು. ನನ್ನ ಅಷ್ಟು ದಡ್ಡ ಅನ್ಕೊಂಡ್ಯೇನೇ ಅಂತ ಬೈದು ಸುಮ್ಮನಾದ್ರು."

ಶೇಷಪ್ಪ ಟಾರ್ಚ್ ಹಚ್ಚಿ ಸ್ಟೀರಿಂಗ್ ಕಂಬದ ಪಕ್ಕಕ್ಕೆ ಹಿಡಿದರು. ಸುತ್ತಲಿನ ಪ್ಲಾಸ್ಟಿಕ್ ಧೂಳು ಹಿಡಿದು ಬಣ್ಣಗೆಟ್ಟಿತ್ತು. ಕೀಲಿ ಹಾಕುವ ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅದರ ಅಡಿಯಲ್ಲಿ ಬೆರಳ ತುದಿಯಷ್ಟು ಹಸಿರು ಬಣ್ಣ ಹಚ್ಚಿದ್ದರು.

"ಗೊಂಚಲು ತಂದಿದ್ದೀರಾ?"

ರೂಪಶ್ರೀ ಚೀಲದಿಂದ ತೆಗೆದುಕೊಟ್ಟಳು. ಎಸ್ಟೇಟ್ ರೈಟರ್ ಗುರುವಯ್ಯ, ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ, ಹಿಂದಿನ ದಿನ ಅದನ್ನು ಅವಳಿಗೆ ಕೊಟ್ಟಿದ್ದ. ಕಂದಕದಲ್ಲಿ ಕಾರನ್ನು ಮೊದಲು ಕಂಡವನೂ ಅವನೇ.

"ತಗೊಂಡಾಗ ಎಷ್ಟು ಕೀ ಇತ್ತು?"

"ಒಂದೇ ಸರ್. ಬಾಗಿಲಿಗೂ ಅದೇ, ಸ್ವಿಚ್ಚಿಗೂ ಅದೇ."

ಶೇಷಪ್ಪ ಗೊಂಚಲಿನಲ್ಲಿ ಕಾರಿನ ಕೀಲಿಯನ್ನು ಬೇರೆ ಮಾಡಿ ಬಾಗಿಲಿಗೆ ಹಾಕಿದರು. ತಿರುಗಿತು. ನಂತರ ಒಳಗೆ ಬಗ್ಗಿ ಸ್ವಿಚ್ಚಿಗೆ ಹಾಕಿದರು. ಅರ್ಧಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಹಾಕಿದರು. ಅಷ್ಟೇ.

ಕೀಲಿಯನ್ನು ರೂಪಶ್ರೀ ಕೈಗೆ ಕೊಟ್ಟು, "ನೀವೇ ಹಾಕಿ ನೋಡಿ," ಎಂದರು.

ಅವಳೂ ನೋಡಿದಳು. ಅವಳಿಗೂ ಅರ್ಧಕ್ಕೇ ನಿಂತಿತು.

"ಯಾರೋ ಲಾಕ್ ಬದಲಾಯಿಸಿದ್ದಾರೆ," ಎಂದರು ಶೇಷಪ್ಪ. "ಸ್ವಿಚ್ಚಿನದು ಮಾತ್ರ. ಬಾಗಿಲಿನದು ಹಳೇದೇ ಇದೆ. ನಿಮ್ಮ ತಂದೆಯ ಜೇಬಿನಲ್ಲಿ ಸಿಕ್ಕಿದ ಕೀಲಿಯಿಂದ ಈ ಕಾರು ಸ್ಟಾರ್ಟೇ ಆಗಲ್ಲ."

ಗ್ಯಾರೇಜಿನ ತಮ್ಮಯ್ಯ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದ. "ಇಷ್ಟು ದಿನ ಯಾರೂ ಕೀ ಹಾಕಿ ನೋಡ್ಲೇ ಇಲ್ಲ ಮಾರಾಯ್ರೇ. ಈ ಕಾರು ನೋಡಿದ್ರೆ ಯಾರಿಗೆ ಸ್ಟಾರ್ಟ್ ಮಾಡೋ ಮನಸ್ಸು ಬರತ್ತೆ ಹೇಳಿ."

"ಒಳಗೆ ಬೇರೆ ಕೀ ಸಿಕ್ತಾ ತಮ್ಮಯ್ಯ?"

"ಎಂತದೂ ಇಲ್ಲ. ಗಾಜಿನ ಚೂರು ತೆಗೆಯುವಾಗ ಸೀಟಿನಡಿ ಎಲ್ಲ ಗುಡಿಸಿದೀನಿ. ಒಂದು ಕನ್ನಡಕ ಸಿಕ್ತು, ಮನೆಯೋರಿಗೆ ಕೊಟ್ಟೆ."

"ಬಿದ್ದ ರಭಸಕ್ಕೆ ಕೀ ಹಾರಿ ಹೋಗಿರಬಹುದಲ್ವಾ ಸರ್?" ರೂಪಶ್ರೀ ಕೇಳಿದಳು.

"ಹಳೆಯ ಅಂಬಾಸಿಡರ್ ಆಗಿದ್ರೆ ಹೌದು. ಇದು ಹೊಸ ಲಾಕ್. ಪೂರ್ತಿ ಹಿಂದಕ್ಕೆ ತಿರುಗಿಸದೆ ಕೀ ಬಿಟ್ಟುಕೊಡಲ್ಲ. ಕೈಯಿಂದಲೇ ತೆಗೆದಿರಬೇಕು."

ಶೇಷಪ್ಪ ಚೀಲದಿಂದ ಒಂದು ಫೋಟೊ ತೆಗೆದು ಕಾರಿನ ಹಿಂಭಾಗದ ಮೇಲಿಟ್ಟರು. ಅಪಘಾತವಾದ ದಿನವೇ ವಿಮೆಯವರು ಸ್ಟುಡಿಯೋದವರಿಂದ ತೆಗೆಸಿದ್ದು. ನಂದಿಮರದ ತಿರುವಿನಲ್ಲಿ ಟಾರಿನ ಅಂಚಿನ ಧೂಳಿನ ಮೇಲೆ ಟೈರಿನ ಗುರುತು ಸ್ಪಷ್ಟವಾಗಿ ಮೂಡಿತ್ತು.

"ಈ ಗುರುತು ನೋಡಿ. ಬಾಗಿದೆ. ಕಾರು ತಿರುವಿನ ಜೊತೆಗೇ ತಿರುಗ್ತಾ ಇತ್ತು, ಅಂಚಿಗೆ ಬಂದು ಜಾರಿದೆ. ಈಗ ಸ್ಟೀರಿಂಗ್ ನೋಡಿ. ನೆಟ್ಟಗೆ ನಿಂತು ಲಾಕ್ ಆಗಿದೆ. ರಸ್ತೆಯ ಮೇಲೇ ಹೀಗೆ ಲಾಕ್ ಆಗಿದ್ದರೆ ಗುರುತು ನೆಟ್ಟಗಿರಬೇಕಿತ್ತು."

ರೂಪಶ್ರೀ ಫೋಟೊ ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಹಾಗಾದ್ರೆ ಲಾಕ್ ಬಿದ್ದಿದ್ದು..."

"ಬಿದ್ದ ಮೇಲೆ. ಕಾರು ಕಂದಕದಲ್ಲಿ ನಿಂತ ಮೇಲೆ ಯಾರೋ ಕೀ ತೆಗೆದುಕೊಂಡಿದ್ದಾರೆ. ನಿಮ್ಮ ತಂದೆಯೇ ತೆಗೆದಿದ್ದರೆ ಅದು ಅವರ ಹತ್ತಿರ ಸಿಗಬೇಕಿತ್ತು."

ಗೇರ್ ಮೂರರಲ್ಲಿತ್ತು. ಎಂಜಿನ್ ನಿಲ್ಲಿಸಿ ಇಳಿಯುವವರು ಗೇರ್‌ನಲ್ಲಿ ಬಿಡುವುದಿಲ್ಲ. ಆದರೆ ಬಿದ್ದ ಪೆಟ್ಟಿಗೆ ಗೇರ್ ತಾನೇ ಬಿದ್ದಿರಬಹುದು. ಶೇಷಪ್ಪ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಸರ್," ರೂಪಶ್ರೀ ನಿಧಾನವಾಗಿ ಕೇಳಿದಳು, "ಕಾರಿನ ತಪ್ಪಲ್ಲ ಅಂತ ಹೇಳಬಹುದಾ ಈಗ?"

"ಲಾಕಿನಿಂದ ಬಿದ್ದಿಲ್ಲ ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು ಈಗಲೇ ಹೇಳೋಕ್ಕಾಗಲ್ಲ."

"ಅಷ್ಟು ಸಾಕು ನಂಗೆ. ಅಮ್ಮಂಗೆ ಹೇಳಬೇಕು. ಅಪ್ಪ ಹೋದಾಗಿಂದ ನನ್ನ ಹತ್ರ ಒಂದು ಮಾತಾಡಿಲ್ಲ ಅವಳು. ಫೋನ್ ಮಾಡಿದ್ರೆ ಎತ್ತುತ್ತಾಳೆ, ನನ್ನ ದನಿ ಕೇಳ್ತಾಳೆ, ಇಟ್ಬಿಡ್ತಾಳೆ. ತಿಥಿ ದಿನ ಎದುರಿಗೆ ಕೂತಿದ್ಲು, ಮುಖ ಎತ್ತಲಿಲ್ಲ. ಅಣ್ಣ ಬೈದ, ನೆಂಟರು ಬೈದ್ರು, ಅದೆಲ್ಲ ಹೋಗ್ಲಿ. ಅಮ್ಮ ಒಂದು ಮಾತಾಡ್ಲಿ. ಅದಕ್ಕೇ ನಿಮ್ಮನ್ನ ಕರೆಸಿದ್ದು, ಬೇರೆ ಎಂತಕ್ಕೂ ಅಲ್ಲ."

ಶೇಷಪ್ಪ ಫೋಟೊ ಮಡಚದೆ ಚೀಲಕ್ಕೆ ಹಾಕಿದರು. "ಲಾಕ್ ಯಾರು ಹಾಕಿಸಿದ್ರು ಅಂತ ಗೊತ್ತಾಗಲಿ. ಆಮೇಲೆ ಹೇಳೋಣ. ಧರ್ಮೇಶ್ ಎಲ್ಲಿರ್ತಾನೆ?"

*

ಧರ್ಮೇಶನ ಅಂಗಳ ಚಿಕ್ಕಮಗಳೂರಿಗೆ ಸೇರುವ ಮೊದಲೇ, ಮೂಡಿಗೆರೆ ರಸ್ತೆಯ ಬಲಕ್ಕೆ ಸಿಗುತ್ತದೆ. ಮಾರಾಟಕ್ಕಿದ್ದ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಧರ್ಮೇಶ್ ಒಬ್ಬ ಗಿರಾಕಿಯನ್ನು ಕಳಿಸಿ ತಿರುಗುವಾಗ ರೂಪಶ್ರೀಯನ್ನು ಕಂಡ. ಮುಖದ ಮೇಲಿದ್ದ ವ್ಯಾಪಾರದ ನಗು ಹೋಯಿತು.

"ಬನ್ನಿ ಮೇಡಂ. ಸುದ್ದಿ ಕೇಳಿ ಭಾಳ ಬೇಜಾರಾಯ್ತು. ಬರಬೇಕಿತ್ತು ನಾನು, ಬರಕ್ಕೆ ಆಗ್ಲಿಲ್ಲ."

"ಯಾಕೆ ಆಗ್ಲಿಲ್ಲ?" ಎಂದಳು ರೂಪಶ್ರೀ.

ಧರ್ಮೇಶ್ ಶೇಷಪ್ಪನವರ ಕಡೆ ನೋಡಿದ. "ಇವ್ರು?"

"ಶೇಷಪ್ಪ ಅಂತ. ಹಳೇ ಕಾರುಗಳನ್ನ ನೋಡೋ ಅಭ್ಯಾಸ," ಎಂದರು ಅವರು. "ನೋಡಬಹುದಾ?"

"ಧಾರಾಳವಾಗಿ ನೋಡಿ ಸರ್. ನೋಡಕ್ಕೆ ದುಡ್ಡಿಲ್ಲ."

ಶೇಷಪ್ಪ ಸಾಲಿನುದ್ದಕ್ಕೂ ನಿಧಾನವಾಗಿ ನಡೆದರು. ಒಂದು ಮಾರುತಿ ಕಾರಿನ ಮುಂದೆ ನಿಂತು ಬಾನೆಟ್ ಎತ್ತಿಸಿದರು. ಬ್ಯಾಟರಿಯ ಮೇಲೆ ಹಸಿರು ಬಣ್ಣದ ಬೊಟ್ಟು. ಪಕ್ಕದ ಕಾರಿನ ಹಾರ್ನ್ ಮೇಲೆ ಇನ್ನೊಂದು.

"ಇದೆಂತ, ಎಲ್ಲದಕ್ಕೂ ಬೊಟ್ಟು ಇಟ್ಟಿದ್ದೀರಿ?"

"ಅದು ನಮ್ಮ ಗುರುತು ಸರ್," ಧರ್ಮೇಶ್ ಸಲೀಸಾಗಿ ಹೇಳಿದ. "ನಾವು ಹೊಸದು ಹಾಕಿದ ಪಾರ್ಟ್‌ಗೆಲ್ಲ ಇಡ್ತೀವಿ. ಇಲ್ದಿದ್ರೆ ಕೆಲವರು ನಮ್ಮದು ಬಿಚ್ಚಿ ಇಟ್ಕೊಂಡು ಯಾವುದೋ ಗುಜರಿ ಹಾಕ್ಕೊಂಡು ಬಂದು ಜಗಳ ಆಡ್ತಾರೆ. ಎಂತೆಂಥಾ ಜನ ಬರ್ತಾರೆ ನಮ್ಮ ಲೈನಿಗೆ."

"ಬೇರೆ ಯಾರಾದ್ರೂ ಇಡ್ತಾರಾ?"

"ಈ ಜಿಲ್ಲೇಲಿ ಹಸಿರು ಇಡೋದು ನಾನೊಬ್ಬನೇ."

"ಕೃಷ್ಣಪ್ಪನವರ ಜೆನ್ ಮಾರಿದಾಗ ಸ್ಟೀರಿಂಗ್ ಲಾಕ್ ಹೇಗಿತ್ತು?"

ಧರ್ಮೇಶ್ ಬಾನೆಟ್ ಇಳಿಸಲು ಕೈ ಎತ್ತಿದವನು ಹಾಗೇ ನಿಂತ. "ಕೆಟ್ಟಿತ್ತು. ಮೇಡಂಗೇ ಗೊತ್ತಲ್ಲ. ಇರ್ಲಿ ಬಿಡಿ ಅಂದ್ರು. ನಾನು ಹಾಗೇ ಕೊಟ್ಟೆ. ಆಮೇಲಿಂದು ನಂಗೊತ್ತಿಲ್ಲ."

"ಆ ಲಾಕಿನ ಅಡಿಯಲ್ಲಿ ಈಗ ಹಸಿರು ಬೊಟ್ಟು ಇದೆ."

ಬಾನೆಟ್ ಕೆಳಗೆ ಬಿತ್ತು. ಅಂಗಳದ ಆ ತುದಿಯಲ್ಲಿ ಕಾರು ಒರೆಸುತ್ತಿದ್ದ ನಡುವಯಸ್ಸಿನ ಡ್ರೈವರ್ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದ.

ರೂಪಶ್ರೀ ಧರ್ಮೇಶನ ಎದುರಿಗೆ ಬಂದು ನಿಂತಳು. "ಯಾಕೆ ಬೇಡ ಅಂತ ನಿಮಗೆ ಬಿಡಿಸಿ ಹೇಳಿದ್ನಲ್ಲ. ಅಪ್ಪ ಇಳಿಜಾರಲ್ಲಿ ಕೀ ಕೀಳ್ತಾರೆ ಅಂತ. ಗೊತ್ತಿದ್ದೂ ಹಾಕಿದ್ರಾ?"

"ಮೇಡಂ, ಒಳಗೆ ಬನ್ನಿ, ಕೂತು ಮಾತಾಡಾಣ."

"ಇಲ್ಲೇ ಹೇಳಿ."

"ಹೇಳಿದ್ರೆ ಇನ್ನು ಈ ಅಂಗಳಕ್ಕೆ ಯಾರು ಕಾಲಿಡ್ತಾರೆ?" ಧರ್ಮೇಶನ ದನಿ ತಗ್ಗಿತು. "ಊರಲ್ಲೆಲ್ಲ ಲಾಕ್ ಬಿದ್ದು ಸತ್ರು ಅಂತಾರೆ. ಆ ಲಾಕ್ ಹಾಕಿದವನು ನಾನು. ಅವತ್ತಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ಸಾವಿನ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಲಾಕಿನಿಂದ ಸತ್ತಿಲ್ಲ," ಎಂದರು ಶೇಷಪ್ಪ.

ಧರ್ಮೇಶ್ ಅವರನ್ನೇ ನೋಡಿದ. ಕಾರಿನ ಬಂಪರಿನ ಮೇಲೆ ಕುಳಿತ.

"ಹಾಕಿಸಿದ್ದು ಯಾರು?" ಶೇಷಪ್ಪ ಕೇಳಿದರು. "ಅದೊಂದು ಹೇಳಿ."

"ಯಜಮಾನ್ರೇ ಬಂದಿದ್ರು. ಅಮ್ಮಾವ್ರೂ ಜೊತೇಲಿದ್ರು."

"ಯಾವ ಅಮ್ಮಾವ್ರು?" ರೂಪಶ್ರೀಯ ಪ್ರಶ್ನೆ ಗಕ್ಕನೆ ಬಂತು.

"ನಿಮ್ಮ ತಾಯಿ ಮೇಡಂ. ಪಾಪಮ್ಮನವ್ರು. ಡಾಕ್ಟರ ಹತ್ರ ತೋರಿಸ್ಕೊಂಡು ಸೀದಾ ಇಲ್ಲಿಗೇ ಬಂದಿದ್ರು. ಯಜಮಾನ್ರಿಗೆ ಇದ್ದಕ್ಕಿದ್ದಂಗೆ ಕಣ್ಣು ಕತ್ತಲೆ ಬರ್ತಿತ್ತಂತೆ. ಒಂದು ಸಲ ತೋಟದ ಗೇಟಿಗೇ ಗುದ್ದಿದ್ರಂತೆ. ಇನ್ನು ಗಾಡಿ ಮುಟ್ಟಬಾರದು ಅಂತ ಡಾಕ್ಟ್ರು ಹೇಳಿ ಕಳಿಸಿದ್ರು."

ಧರ್ಮೇಶ್ ರೂಪಶ್ರೀಯ ಮುಖ ನೋಡಿ ಮುಂದುವರಿಸಿದ.

"ಮನೇಲಿ ಕೀ ಬಚ್ಚಿಟ್ರೂ ಪ್ರಯೋಜನ ಇಲ್ಲ, ಗೊಂಚಲು ಅವ್ರ ಜೇಬಲ್ಲೇ ಇರತ್ತೆ, ಕೇಳಿದ್ರೆ ಸಿಟ್ಟು ಮಾಡ್ತಾರೆ, ಅಂದ್ರು ಅಮ್ಮಾವ್ರು. ಸ್ವಿಚ್ಚೇ ಬದಲಾಯಿಸಿ, ಹೊಸ ಕೀ ನನ್ನ ಕೈಗೆ ಕೊಡಿ ಅಂದ್ರು. ನಾನು ಮೇಡಂ ಬೇಡ ಅಂದಿದ್ರಲ್ಲ ಅಂದೆ. ಓಡಿಸೋರೇ ಇಲ್ಲ ಅಂದ್ಮೇಲೆ ಕೀ ಕೀಳೋರು ಯಾರು ಮಾರಾಯಾ ಅಂದ್ರು ಯಜಮಾನ್ರು."

"ಅವರು ಒಪ್ಪಿದ್ರಾ?" ಶೇಷಪ್ಪ ಕೇಳಿದರು.

"ಒಪ್ಪಿದ್ರು. ಗಲಾಟೆ ಏನಿಲ್ಲ. ಕೆಲಸ ಆಗೋವರೆಗೆ ಅದೋ ಅಲ್ಲಿ ಕೂತಿದ್ರು, ಯಾರ ಹತ್ರವೂ ಮಾತಿಲ್ಲ. ಹೊರಡುವಾಗ ಅಭ್ಯಾಸಬಲದಿಂದ ಬಲಗಡೆ ಬಾಗಿಲಿಗೇ ಹೋದ್ರು. ಆಮೇಲೆ ಸುತ್ತಿಕೊಂಡು ಬಂದು ಎಡಗಡೆ ಕೂತ್ರು. ನಮ್ಮ ಭೂತಯ್ಯ ಓಡಿಸ್ಕೊಂಡು ಹೋಗಿ ಮನೆಗೆ ಬಿಟ್ಟು ಬಂದ."

ಕಾರು ಒರೆಸುತ್ತಿದ್ದ ಡ್ರೈವರ್ ಭೂತಯ್ಯ ಇಷ್ಟು ಹೊತ್ತಿಗೆ ಹತ್ತಿರ ಬಂದಿದ್ದ. "ಹೌದು," ಎಂದ. "ಕೀ ಎರಡಿತ್ತು, ಹೊಸ ಲಾಕಿನ ಜೊತೆ ಬಂದಿದ್ದು. ಎರಡೂ ಅಮ್ಮಾವ್ರ ಕೈಗೇ ಕೊಟ್ಟೆ. ಸೆರಗಿನ ತುದೀಲಿ ಕಟ್ಕೊಂಡ್ರು."

"ನಂಗೆ ಯಾಕೆ ಹೇಳ್ಲಿಲ್ಲ?" ರೂಪಶ್ರೀ ಕೇಳಿದಳು. ಪ್ರಶ್ನೆ ಯಾರಿಗೆಂದು ತಿಳಿಯುವಂತಿರಲಿಲ್ಲ.

ಧರ್ಮೇಶ್ ನೆಲ ನೋಡುತ್ತ ಹೇಳಿದ. "ಯಜಮಾನ್ರು ಬೇಡ ಅಂದಿದ್ರು. ರೂಪಂಗೆ ಗೊತ್ತಾಗೋದು ಬೇಡ, ಅವಳು ನಾನು ಓಡಿಸಿ ಖುಷಿಪಡ್ಲಿ ಅಂತ ಇದನ್ನ ಆರಿಸಿದ್ದು ಅಂದ್ರು. ಈಗ ಹೇಳಿದ್ರೆ ಅವಳಿಗೆ ಸಂಕಟ ಆಗತ್ತೆ ಅಂದ್ರು."

ರೂಪಶ್ರೀ ಅವರಿಂದ ದೂರ ಹೋಗಿ ಕಾರುಗಳ ಸಾಲಿನ ಕೊನೆಯಲ್ಲಿ ಬೆನ್ನು ತಿರುಗಿಸಿ ನಿಂತಳು. ಶೇಷಪ್ಪ ಅವಳಾಗಿ ತಿರುಗುವವರೆಗೆ ಕಾದರು.

*

"ಅಪ್ಪ ಆ ಕಾರಲ್ಲಿ ಕಳಸಕ್ಕೆ ಬಂದಿದ್ರು ಒಂದ್ಸಲ," ಎಂದಳು ಅವಳು, ತಿರುಗಿ ಬಂದಾಗ. "ಕೆಲಸ ಎಂತದೂ ಇರಲಿಲ್ಲ. ಕಳಸದಿಂದ ಆಚೆ ರಸ್ತೆ ಚೆನ್ನಾಗಿದೆ ಅಂತ ಹೇಳಿದ್ದೆ, ಓಡಿಸಿ ನೋಡಕ್ಕೆ ಬಂದೆ ಅಂದ್ರು. ಕಾಫಿ ಕುಡಿದು ಹೋದ್ರು."

ಇಬ್ಬರೂ ರಸ್ತೆಯ ಪಕ್ಕಕ್ಕೆ ಬಂದಿದ್ದರು. ಶೇಷಪ್ಪ ತಮಗೆ ಗೊತ್ತಾದದ್ದನ್ನು ಒಂದೊಂದಾಗಿ ಹೇಳಿದರು. ಅವರ ದನಿಯಲ್ಲಿ ಏರಿಳಿತವಿರಲಿಲ್ಲ.

"ನಿಮ್ಮ ತಂದೆ ಓಡಿಸೋ ಹಾಗಿರಲಿಲ್ಲ. ಕೀ ಎರಡೂ ನಿಮ್ಮ ತಾಯಿ ಹತ್ತಿರ ಇತ್ತು. ಆದರೂ ಕಾರು ಮನೆಯಿಂದ ಹೊರಟಿತು. ಅಂದ್ರೆ ನಿಮ್ಮ ತಾಯಿ ಯಾರಿಗೋ ಕೀ ಕೊಟ್ಟರು."

"ಅಪ್ಪನೇ ಕೇಳಿ ಇಸ್ಕೊಂಡಿರಬಹುದು. ಅಮ್ಮಂಗೆ ಇಲ್ಲ ಅನ್ನಕ್ಕೆ ಆಗಿರಲ್ಲ."

"ಇರಬಹುದು. ಹಾಗಿದ್ದರೆ ಕೀ ಸ್ವಿಚ್ಚಿನಲ್ಲೇ ಇರಬೇಕಿತ್ತು, ಇಲ್ಲ ಅವರ ಹತ್ತಿರ ಸಿಗಬೇಕಿತ್ತು. ಎರಡೂ ಇಲ್ಲ. ಬೇರೆಯವರು ಓಡಿಸಿದ್ದರೆ, ಬಿದ್ದ ಮೇಲೆ ಅವರು ಬದುಕಿ ಎದ್ದಿದ್ದಾರೆ. ಗಾಡಿ ನಿಲ್ಲಿಸಿ ಇಳಿಯುವಾಗ ಮಾಡೋ ಹಾಗೆ ಕೀ ತೆಗೆದುಕೊಂಡಿದ್ದಾರೆ. ಕೈ ತಾನಾಗಿ ಮಾಡೋ ಕೆಲಸ ಅದು. ಆಮೇಲೆ ಮೇಲೆ ಹತ್ತಿ ಹೋಗಿದ್ದಾರೆ."

"ಅಪ್ಪನ್ನ ಅಲ್ಲೇ ಬಿಟ್ಟು?"

ಶೇಷಪ್ಪ ರಸ್ತೆಯ ಕಡೆ ತಿರುಗಿದರು.

"ನಿಮ್ಮ ಮನೆಯಲ್ಲಿ ಕಾರು ಓಡಿಸೋಕೆ ಬರೋರು ಯಾರ್ಯಾರು?"

"ಅಣ್ಣ ದರ್ಶನ್." ಅವಳು ತುಸು ತಡೆದಳು. "ರೈಟರ್ ಗುರುವಯ್ಯ. ಬ್ಯಾಂಕು, ಕಾಫಿ ಕೊಡೋ ಕ್ಯೂರಿಂಗ್ ವರ್ಕ್ಸು ಅಂತ ಅಪ್ಪನ್ನ ಕರ್ಕೊಂಡು ಹೋಗೋನು. ಅಣ್ಣ ಅವತ್ತು ಮೂಡಿಗೆರೇಲಿದ್ದೆ ಅಂದ. ಗುರುವಯ್ಯ ಬಸ್ಸಿಗೆ ಅಂತ ನಡ್ಕೊಂಡು ಬರುವಾಗ ಕೆಳಗೆ ಕಾರು ಕಂಡ್ತು ಅಂದ."

"ಅದು ಅವರಿಬ್ಬರೂ ಹೇಳಿದ್ದು, ಅಷ್ಟೇ. ಇಬ್ಬರದನ್ನೂ ನಾನು ಇನ್ನೂ ಪರೀಕ್ಷಿಸಿಲ್ಲ. ಕೀ ಯಾರಿಗೆ ಕೊಟ್ಟರು ಅಂತ ಒಬ್ಬರಿಗೆ ಖಂಡಿತ ಗೊತ್ತು."

ರಸ್ತೆಯ ಆಚೆ ಬದಿಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ರೂಪಶ್ರೀ ಅದನ್ನೇ ನೋಡುತ್ತಿದ್ದಳು.

"ಎತ್ತುತ್ತಾಳೆ," ಎಂದಳು. "ಇಟ್ಬಿಡ್ತಾಳೆ. ಆದ್ರೂ ಮಾಡ್ತೀನಿ."

ಅವಳು ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ಹೋದಳು. ಶೇಷಪ್ಪ ಹೊರಗೆ ನಿಂತರು. ಒಳಗಿನ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ.

ಕಲ್ಲುಗುಡ್ಡೆಯಲ್ಲಿ ಫೋನು ಎತ್ತಿದರು. ಯಾರೂ ಮಾತಾಡಲಿಲ್ಲ. ಹಿಂದಿನಿಂದ ಕಣದಲ್ಲಿ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಹಲಗೆಯಿಂದ ಎಳೆಯುವ ಸದ್ದು ಬರುತ್ತಿತ್ತು. ಕೊಯ್ಲಿನ ಕೊನೆಯ ಬೀಜ ಒಣಗುತ್ತಿತ್ತು.

"ಅಮ್ಮಾ, ಇಡಬೇಡ," ಎಂದಳು ರೂಪಶ್ರೀ. "ಚಿಕ್ಕಮಗಳೂರಿಂದ ಮಾತಾಡ್ತಿದೀನಿ. ಧರ್ಮೇಶನ ಹತ್ರ ಇದ್ದೆ. ಅಪ್ಪಂಗೆ ಕಣ್ಣು ಕತ್ತಲೆ ಬರ್ತಿದ್ದದ್ದು ಗೊತ್ತಾಯ್ತು. ಲಾಕ್ ಹಾಕಿಸಿದ್ದೂ ಗೊತ್ತಾಯ್ತು. ನೀನು ಒಳ್ಳೇದಕ್ಕೇ ಹಾಕ್ಸಿದ್ದು. ಲಾಕಿನಿಂದ ಎಂತದೂ ಆಗಿಲ್ಲ ಅಂತ ಸರ್ ಹೇಳ್ತಾರೆ, ನೀನು ಅದನ್ನ ಮನಸಲ್ಲಿ ಇಟ್ಕೋಬೇಡ."

ಸದ್ದಿಲ್ಲ. ಆದರೆ ಫೋನು ಇಡಲಿಲ್ಲ.

"ಅಮ್ಮಾ, ಎರಡು ಕೀನೂ ನಿನ್ನ ಸೆರಗಲ್ಲಿತ್ತು. ಅವತ್ತು ಯಾರಿಗೆ ಕೊಟ್ಟೆ?"

ಹಲಗೆ ಎಳೆಯುವ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು. ಬಾಗಿಲು ಮುಚ್ಚಿದ ಸದ್ದಾಯಿತು. ನಂತರ ಕಣದ ಸದ್ದು ಕೇಳಿಸಲಿಲ್ಲ.

"ರೂಪಾ," ಎಂದಳು ಪಾಪಮ್ಮ. ಬಹಳ ದಿನ ಬಳಸದೆ ಇದ್ದ ದನಿ. "ಉಂಡ್ಯಾ?"

"ಇಲ್ಲ ಅಮ್ಮಾ."

"ಹೊತ್ತಾಯ್ತಲ್ಲೇ. ಏನಾದ್ರೂ ತಿನ್ನು."

"ತಿಂತೀನಿ. ಹೇಳು. ಕೀ ಯಾರಿಗೆ ಕೊಟ್ಟೆ?"

"ಕೀ ವಿಚಾರ ಕೇಳಬೇಡ ಮಗಾ. ಕಾರಿನ ತಪ್ಪು ಅಂತ ಎಲ್ಲರೂ ಹೇಳಿ ಆಗಿದೆ. ಹಾಗೇ ಇರ್ಲಿ ಬಿಡು. ನಿನ್ನ ಮೇಲೇ ಇರ್ಲಿ. ನಿಂಗೆ ಹೋಗಕ್ಕೆ ಒಂದು ಮನೆ ಇದೆ. ಕೀ ತಗೊಂಡು ಹೋದೋರಿಗೆ ಇಲ್ಲ."

"ಯಾರಿಗೆ ಅಮ್ಮಾ?"

ಆ ಕಡೆ ಫೋನು ಇಟ್ಟಾಗಿತ್ತು.

ರೂಪಶ್ರೀ ಹೊರಗೆ ಬಂದು ಗಾಜಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

"ಇಟ್ಬಿಟ್ರಾ?" ಶೇಷಪ್ಪ ಕೇಳಿದರು.

"ಇಲ್ಲ. ಮಾತಾಡಿದ್ಲು."

"ಕೀ ಯಾರಿಗೆ ಕೊಟ್ಟರಂತೆ?"

ರೂಪಶ್ರೀ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಡಿಗೆರೆ ಕಡೆಗೆ ಹೋಗುವ ಬಸ್ಸೊಂದು ನಿಂತು, ಇಬ್ಬರನ್ನು ಹತ್ತಿಸಿಕೊಂಡು ಹೊರಟಿತು. ಅದು ಕಣ್ಮರೆಯಾದ ಮೇಲೆ ಅವಳು ಹೇಳಿದಳು.

"ಸರ್, ಈ ಕೆಲಸ ಇಲ್ಲಿಗೆ ಬಿಟ್ಬಿಡಿ. ಕಾರು ಆರಿಸಿದ್ದು ನಾನು. ತಪ್ಪು ನಂದೇ ಅಂತ ಇರ್ಲಿ."